ಜನರೇಟರನ್ನು ಮನೆಯ ಹೊರಗಿಡಿ



ತಾಯಿ ಮಗುವಿನ ಆರೈಕೆ, ಲಸಿಕೆ, ಹೆರಿಗೆಗಳ ನಡುವಿನ ಅಂತರ ಮುಂತಾದ ವಿಷಯಗಳನ್ನು ಕೇಳಲು ಬಂದಿರುವ ನಿಮಗೆ ಜನರೇಟರಿನ ಮಾತು ಸೋಜಿಗವೆನಿಸಬಹುದು. ಆದರೆ ಈ ಯಂತ್ರದ ಹೊಗೆಯು ಮನೆಯೊಳಗೆ ಸೇರಿದರೆ ಹೆಚ್ಚಿನ ಅಪಾಯಕ್ಕೀಡಾಗುವವರು ಗರ್ಭಿಣಿ, ಆಕೆಯ ಹೊಟ್ಟೆಯೊಳಗಿನ ಶಿಶು ಮತ್ತು ತೊಟ್ಟಿಲಿನ ಕೂಸು. ಆದುದರಿಂದ ಇದು ಕುಟುಂಬ ಕಲ್ಯಾಣದ ವಿಷಯವೇ ಆಗಿದೆ. ಗಂಡ ಹೆಂಡಿರಿಬ್ಬರೂ ಕೂಡಿ ಕೇಳಬೇಕೆಂದು ವಿನಂತಿಸುತ್ತೇನೆ.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ಬಾದಾಮಿ, ಹುನಗುಂದ ಭಾಗದ ದಂಡೆಯ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಆವರಣವೂ ಜಲಾವೃತವಾಯಿತು. ಅಂಥ ಸಮಯದಲ್ಲಿ ಕಂಬ ಬಿದ್ದು ತಂತಿ ಹರಿದರೆ ದೀಪ ಮರಳಿ ಬರಲು ದಿನಗಳೇ ಹಿಡಿಯುವುದುಂಟು. ಇಳಕಲ್ಲಿನ ನೇಕಾರ ದಂಪತಿಗಳ ಕಷ್ಟ ಬೇರೆ ಬಗೆಯದು. ಕುಣಿಮಗ್ಗಕ್ಕೆ ವಿದ್ಯುತ್ತು ಬೇಡ, ನಿಜ. ಆದರೆ ಲಗ್ನಸರಾಯಿಯಲ್ಲಿ ರಾತ್ರಿ ಕುಳಿತು ಸೆರಗಿನ ಎಳೆಗೆ ಒಡಲಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವವರಿಗೆ ಬೆಳಕು ಬೇಕೇ ಬೇಕು. ಹೀಗಾಗಿ ಕೈಯಲ್ಲಿ ಎತ್ತಿ ಒಯ್ಯಬಹುದಾದ ಸಣ್ಣ ಜನರೇಟರನ್ನು ಕೊಳ್ಳುವುದು ತಪ್ಪಲ್ಲ. ಅದನ್ನು ಎಲ್ಲಿ ಇಡುತ್ತೇವೆ, ಮನೆಗೆ ಹೇಗೆ ಜೋಡಿಸುತ್ತೇವೆ ಎಂಬುದರಲ್ಲಿ ತಪ್ಪು ಮಾಡಬಾರದು.

ಎಂಜಿನ್ನಿನಲ್ಲಿ ಪೆಟ್ರೋಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವ ಗುಣವೂ ಇಲ್ಲ. ಕಪ್ಪು ಹೊಗೆ ಕಾಣಿಸದಿದ್ದರೆ ಭಯವಿಲ್ಲವೆಂದು ತಿಳಿಯುವವರು ಈ ಕಾರಣದಿಂದಲೇ ಮೋಸಹೋಗುತ್ತಾರೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಗ ಉಸಿರಾಟ ನಡೆಯುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದಾಗುತ್ತದೆ. ತಾಯಿಯ ರಕ್ತದಿಂದ ಅದು ಗರ್ಭದ ಶಿಶುವಿಗೂ ಹರಿಯುತ್ತದೆ. ತಾಯಿ ಚೇತರಿಸಿಕೊಂಡು ಎದ್ದು ಕುಳಿತ ಮೇಲೂ ಶಿಶುವಿನ ರಕ್ತದಿಂದ ಅದು ಬೇಗನೆ ಬಿಟ್ಟುಹೋಗುವುದಿಲ್ಲ.

ನಮ್ಮ ಹಳೆಯ ಮನೆಗಳನ್ನು ನೆನೆಯಿರಿ. ದಪ್ಪ ಕಲ್ಲುಗೋಡೆ, ಮಣ್ಣಿನ ಮೇಲ್ಮುದ್ದೆ, ಮುಂದಿನ ಬಾಗಿಲೊಂದು, ಮಾಳಿಗೆಯಲ್ಲಿ ಚಿಕ್ಕ ಬೆಳಕಿಂಡಿ. ಬಾಗಿಲೊಳಗೆ ಕಾಲಿಟ್ಟರೆ ದನದ ಕೊಟ್ಟಿಗೆ, ಅದರಾಚೆ ಪಡಸಾಲೆ. ಬಿಸಿಲಿಗೆ ಇಂಥ ಮನೆ ಹಿತಕರ, ಆದರೆ ಒಳಗೆ ಸೇರಿದ ಅನಿಲವು ಹೊರಗೆ ಹೋಗಲು ದಾರಿಯಿಲ್ಲ. ಮಳೆ ಸುರಿಯುವಾಗ ಯಂತ್ರ ತೋಯ್ದೀತೆಂದು, ರಾತ್ರಿ ಕಳ್ಳರು ಒಯ್ದಾರೆಂದು ಅದನ್ನು ಕೊಟ್ಟಿಗೆಗೋ ಪಡಸಾಲೆಗೋ ತರಬೇಕೆಂಬ ಆಸೆ ಸಹಜ. ದಯಮಾಡಿ ತರಬೇಡಿರಿ. ಬಾಗಿಲು ತೆರೆದಿಟ್ಟರೆ ಸಾಕೆಂಬುದೂ, ಪಂಖ ಹಾಕಿದರೆ ಗಾಳಿ ತಿಳಿಯಾಗುತ್ತದೆಂಬುದೂ ತಪ್ಪು ತಿಳುವಳಿಕೆ. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆನಳಿಗೆಯ ಮುಖವು ಬಾಗಿಲು ಕಿಟಕಿಗಳಿಗೆ ವಿರುದ್ಧವಾಗುವಂತೆ ಇಡತಕ್ಕದ್ದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳಲ್ಲಿ ಮನೆಗಳು ಸಾಲಾಗಿರುವುದರಿಂದ, ನಿಮ್ಮ 20 ಅಡಿಯು ನೆರೆಯವರ ಕಿಟಕಿಯ ಕೆಳಗೆ ಮುಗಿಯದಂತೆ ನೋಡಿಕೊಳ್ಳಿರಿ. ಮಳೆಗೆ ನಾಲ್ಕು ಗೂಟ ನೆಟ್ಟು ಮೇಲೆ ತಗಡು ಹೊದಿಸಿದರಾಯಿತು, ಸುತ್ತಲೂ ತೆರೆದಿರಲಿ. ಕಳ್ಳರ ಭಯಕ್ಕೆ ಸರಪಳಿ, ಬೀಗ ಇವೆ.

ಬಾಣಂತಿ ಇರುವ ಮನೆಯವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ತಂಗಾಳಿ ತಾಗಬಾರದೆಂದು ಆಕೆಯ ಕೋಣೆಯ ಕಿಟಕಿಯನ್ನು ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಡುವ ರೂಢಿ ನಮ್ಮಲ್ಲಿದೆ. ಆ ಕೆಂಡದಿಂದಲೂ ಇದೇ ಅನಿಲವು ಹುಟ್ಟುತ್ತದೆ. ಹಿರಿಯರ ಅಕ್ಕರೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬೆಚ್ಚನೆಯ ಹೊದಿಕೆಯಿಂದ ಅದೇ ಕೆಲಸ ಅಪಾಯವಿಲ್ಲದೆ ಆಗುತ್ತದೆ. ಆ ಕೋಣೆಗೆ ಒಂದು ದೀಪ, ಒಂದು ಪಂಖ ಮಾತ್ರ ಬೇಕಾಗಿದ್ದರೆ ಬ್ಯಾಟರಿಯ ಇನ್ವರ್ಟರ್ ಅಥವಾ ಸೌರದೀಪವೇ ಲೇಸೆಂದು ನನ್ನ ಅಭಿಪ್ರಾಯ.

ತಲೆನೋವು, ತಲೆಸುತ್ತು, ಓಕರಿಕೆ, ನಿಶ್ಶಕ್ತಿ ಇವು ಈ ವಿಷದ ಮೊದಲ ಲಕ್ಷಣಗಳು. ಗರ್ಭಿಣಿಯರಲ್ಲಿ ಇವನ್ನು ಬಸಿರಿನ ಸಂಕಟವೆಂದೇ ಭಾವಿಸಿ ಸುಮ್ಮನಿರುವ ಸಂಭವವುಂಟು. ಜನರೇಟರ್ ನಡೆಯುತ್ತಿರುವಾಗ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ, ಹೊರಗೆ ಬಂದೊಡನೆ ಹಗುರವೆನಿಸಿದರೆ, ಸಂದೇಹಕ್ಕೆ ಎಡೆಯಿಲ್ಲ. ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿರಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಉಪಕರಣವು ಇಂಥ ವೇಳೆಯಲ್ಲಿ ಸರಿಯಾದ ಅಂಕೆಯನ್ನೇ ತೋರಿಸಿ ವಂಚಿಸಬಲ್ಲುದು. ಅದನ್ನು ನಂಬಿ ಮನೆಯಲ್ಲಿ ಉಳಿಯಬೇಡಿರಿ. ಮನೆಯಲ್ಲಿ ಜನರೇಟರ್ ನಡೆದಿತ್ತೆಂಬುದನ್ನೂ, ಹೆಂಗಸು ಗರ್ಭಿಣಿಯೆಂಬುದನ್ನೂ ವೈದ್ಯರಿಗೆ ಮೊದಲೇ ತಿಳಿಸಿರಿ. ಗರ್ಭಿಣಿಗೆ ಆಮ್ಲಜನಕವನ್ನು ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.

ಇನ್ನು ಜೋಡಣೆ. ವೈರಿನ ಎರಡೂ ತುದಿಗೆ ಪಿನ್ನು ಕೂಡಿಸಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಪ್ಲಗ್ಗಿಗೂ ಚುಚ್ಚುವವರಿದ್ದಾರೆ. ಹೀಗೆ ಮಾಡಿದರೆ ವಿದ್ಯುತ್ತು ಮೀಟರಿನ ಮೂಲಕ ಹಿಮ್ಮುಖವಾಗಿ ಕಂಬಕ್ಕೆ ಏರುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವಂತೆಯೇ, ಮನೆಯ 230 ವೋಲ್ಟನ್ನು ಏರಿಸಿ ತಂತಿಗೆ ಕೊಡಲೂ ಬಲ್ಲುದು. ಲೈನು ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ನಿಮ್ಮ ಮನೆಯ ವಿದ್ಯುತ್ತಿನಿಂದಲೇ ಸಾಯಬಹುದು. ಅವನಿಗೂ ಹೆಂಡತಿ ಮಕ್ಕಳುಂಟು. ಪರವಾನಗಿ ಪಡೆದ ಕೆಲಸಗಾರರಿಂದ ಮೀಟರಿನ ಬಳಿ ಚೇಂಜ್‌ಓವರ್ ಸ್ವಿಚ್ ಹಾಕಿಸಿರಿ. ಅದರ ಹಿಡಿಯು ಒಂದು ಕಡೆಗಿದ್ದಾಗ ಲೈನು, ಇನ್ನೊಂದು ಕಡೆಗಿದ್ದಾಗ ಜನರೇಟರ್; ಎರಡೂ ಏಕಕಾಲಕ್ಕೆ ಕೂಡುವುದೇ ಇಲ್ಲ. ಭೂಸಂಪರ್ಕದ ತಂತಿಯನ್ನೂ ಅವರಿಂದಲೇ ಹಾಕಿಸಿರಿ. ಸ್ವಿಚ್ ಹಾಕಿಸುವವರೆಗೆ ದೀಪ ಪಂಖಗಳನ್ನು ದಪ್ಪ ವೈರಿನಿಂದ ನೇರವಾಗಿ ಜನರೇಟರಿಗೇ ಜೋಡಿಸಿಕೊಳ್ಳಬಹುದು.

ಎಷ್ಟು ದೊಡ್ಡ ಯಂತ್ರ ಬೇಕೆಂದು ಕೇಳುತ್ತೀರಿ. 9 ವಾಟಿನ 5 ದೀಪ, 75 ವಾಟಿನ 2 ಪಂಖ, 100 ವಾಟಿನ ಒಂದು ಟಿ.ವಿ. ಸೇರಿ 300 ವಾಟೂ ಆಗುವುದಿಲ್ಲ. 1,000 ವಾಟಿನ ಯಂತ್ರ ಧಾರಾಳವಾಯಿತು. ನೀರಿನ ಮೋಟಾರಿನ ಮಾತು ಬೇರೆ. 1 ಅಶ್ವಶಕ್ತಿ ಎಂದರೆ 746 ವಾಟಾದರೂ, ಹೊರಡುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುವುದರಿಂದ ಇಷ್ಟು ಸಣ್ಣ ಯಂತ್ರಕ್ಕೆ ಹೊರಿಸಬೇಡಿರಿ.

ಯಂತ್ರವನ್ನು ನಿಲ್ಲಿಸಿ, ಅದು ಪೂರ್ತಿ ಆರಿದ ಮೇಲೆಯೇ ಪೆಟ್ರೋಲು ತುಂಬಿರಿ. ಕಂದೀಲನ್ನೋ ಬೀಡಿಯನ್ನೋ ಹಿಡಿದು ಸಮೀಪ ಹೋಗಬೇಡಿರಿ. ಉಳಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡಲೇಬಾರದು. ಬಾಯಾರಿದ ಮಗು ನೀರೆಂದು ಕುಡಿದೀತು. ಒಂದು ವೇಳೆ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿರಿ, ಏಕೆಂದರೆ ಹಿಂದಕ್ಕೆ ಬರುವ ಪೆಟ್ರೋಲು ಶ್ವಾಸಕೋಶಕ್ಕೆ ಇಳಿದು ಹೆಚ್ಚಿನ ಹಾನಿ ಮಾಡುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕುಡಿದುದೇನೆಂದು ವೈದ್ಯರಿಗೆ ತೋರಿಸಲು ಆ ಬಾಟಲಿಯೂ ಜೊತೆಗಿರಲಿ.