ಒಂದೇ ಯಾತ್ರೆಯ ಯು-೫೭೦
(ಭಾಷಣದ ಪಾಠ)



ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ಎಂದೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳನ್ನು ನುಂಗುತ್ತ ಹೊರಟ ಉಕ್ಕಿನ ಮೊಸಳೆಯೊಂದು ನಮ್ಮ ಕಣ್ಣೆದುರು ನಿಲ್ಲುವದು. ಇಂದು ನಾವು ಹೇಳಹೊರಟಿರುವದು ಜರ್ಮನ್ ಧ್ವಜದಡಿ ಒಂದು ಹಡಗನ್ನೂ ಮುಳುಗಿಸದ ಯು-೫೭೦ರ ಕಥೆಯನ್ನು.

ಹ್ಯಾಂಬುರ್ಗಿನಲ್ಲಿ ಕಟ್ಟಿದ ಈ ನೌಕೆಯು ೧೯೪೧ರ ಮೇ ೧೫ರಂದು ಸೇವೆಗೆ ಸೇರಿತು. ದೊಡ್ಡ ಕೊರತೆಯಿದ್ದುದು ಅನುಭವದಲ್ಲಿ. ಆ ವರ್ಷದ ಮಾರ್ಚಿನಲ್ಲಿಯೇ ಜರ್ಮನಿಯು ತನ್ನ ನುರಿತ ಕಪ್ತಾನರಲ್ಲಿ ಕೆಲವರನ್ನು ಕಳೆದುಕೊಂಡಿತ್ತು. ಹೊಸ ನೌಕೆಗಳಾದರೋ ಭರದಿಂದ ನೀರಿಗಿಳಿಯುತ್ತಿದ್ದವು. ಕಪ್ತಾನ ಹಾನ್ಸ್ ರಾಮ್ಲೋವನ ಕೈಕೆಳಗಿನ ಬಹುಮಂದಿ ಖಲಾಸಿಗಳಿಗೆ ಇದೇ ಮೊದಲನೆಯ ಯುದ್ಧಯಾತ್ರೆ. ಈಜು ಕಲಿಯುವ ಮೊದಲೇ ಮಡುವಿಗೆ ನೂಕಿದಂತಾಯಿತು ಅವರ ಗತಿ.

ಆಗಸ್ಟಿನಲ್ಲಿ ನಾರ್ವೆಯ ಟ್ರಾಂಡ್‌ಹೈಮ್ ಬಿಟ್ಟು ಹೊರಟ ನೌಕೆಯು ಕಡಲ ಅಬ್ಬರಕ್ಕೆ ಸಿಕ್ಕಿತು. ವಾಂತಿಯಿಂದ ಬಳಲಿದ ಖಲಾಸಿಗಳಿಗೆ ಕೊಂಚ ನೆಮ್ಮದಿಯಾಗಲೆಂದು ಅದನ್ನು ನೀರಿನೊಳಗೆ ಇಳಿಸಿದರು. ೨೭ನೆಯ ತಾರೀಖು ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಅದು ಮೇಲೆದ್ದಾಗ, ನೆತ್ತಿಯ ಮೇಲೆಯೇ ಬ್ರಿಟಿಷರ ಹಡ್ಸನ್ ವಿಮಾನ! ವಿಮಾನಾಧಿಪತಿ ಥಾಂಪ್ಸನ್ ನಾಲ್ಕು ಸ್ಫೋಟಕಗಳನ್ನು ಎಸೆದನು. ಒಳಗೆ ದೀಪಗಳಾರಿದವು, ನೀರು ನುಗ್ಗಿತು. ಒಡೆದ ಬ್ಯಾಟರಿಗಳಿಗೆ ಉಪ್ಪುನೀರು ತಗಲಿ ಕ್ಲೋರಿನ್ ವಿಷವಾಯು ಏಳುವದೆಂಬ ಭಯ ಹಬ್ಬಿತು. ಎಲ್ಲರೂ ಮೇಲಕ್ಕೋಡಿದರು. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಬಟ್ಟೆಯೊಂದು ಗಾಳಿಯಲ್ಲಿ ಆಡಿತು. ಸಮುದ್ರದೊಳಗಿನ ನೌಕೆ ಆಕಾಶದ ವಿಮಾನಕ್ಕೆ ಶರಣು ಬಂದಿತ್ತು!

ಗುಪ್ತಲಿಪಿಯ ಯಂತ್ರವನ್ನೂ ಕಾಗದಪತ್ರಗಳನ್ನೂ ಅವರು ನಾಶಮಾಡಿದರು. ನೌಕೆಯನ್ನು ಮಾತ್ರ ಮುಳುಗಿಸಲಿಲ್ಲ. ಮುಳುಗಿಸಿದ್ದರೆ ಆ ತಣ್ಣೀರಿನಲ್ಲಿ ಎಷ್ಟು ಜನ ಉಳಿಯುತ್ತಿದ್ದರು? ಬ್ರಿಟಿಷರ ಹಡಗುಗಳು ಬಂದು ನಲವತ್ತಕ್ಕೂ ಮಿಕ್ಕಿದ ನಾವಿಕರನ್ನು ಸೆರೆಹಿಡಿದವು. ಶರಣಾಗತಿಯಲ್ಲಿ ಒಬ್ಬನೂ ಸಾಯಲಿಲ್ಲ. ಪರೀಕ್ಷಿಸಿ ನೋಡಿದಾಗ ನೌಕೆಗೆ ತಟ್ಟಿದ ಹಾನಿಯು ಅಷ್ಟೇನೂ ದೊಡ್ಡದಲ್ಲವೆಂದು ಕಂಡುಬಂತು. ನುರಿತ ಕೈಗಳು ಅದನ್ನು ಉಳಿಸಿಕೊಳ್ಳಬಹುದಾಗಿತ್ತೇನೋ! ದಡದಲ್ಲಿ ನಿಂತು ಹೀಗೆನ್ನುವದು ನಮಗೆ ಸುಲಭ.

ಸೆರೆಯಲ್ಲಿಯೂ ಅವರಿಗೆ ಬಿಡುಗಡೆಯಿರಲಿಲ್ಲ. ಇಂಗ್ಲಂಡಿನ ಗ್ರೈಸ್‌ಡೇಲ್ ಹಾಲ್ ಎಂಬ ಶಿಬಿರದಲ್ಲಿ ಜರ್ಮನ್ ಅಧಿಕಾರಿಗಳೇ, ಪ್ರಸಿದ್ಧ ಕಪ್ತಾನ ಓಟ್ಟೋ ಕ್ರೆಟ್ಷ್‌ಮರನ ಮುಖಂಡತ್ವದಲ್ಲಿ, ಗುಪ್ತವಾಗಿ ‘ಮಾನದ ನ್ಯಾಯಸಭೆ’ಯನ್ನು ನೆರೆಯಿಸಿದರು. ರಾಮ್ಲೋವನೂ ಅವನ ಮೊದಲನೆಯ ಉಪಾಧಿಕಾರಿ ಬೆರ್ನ್ಟನೂ ಹೇಡಿಗಳೆಂದು ತೀರ್ಪಾಯಿತು. ಕಳಂಕವನ್ನು ತೊಳೆದುಕೊಳ್ಳುವ ದಾರಿಯೊಂದು ಬೆರ್ನ್ಟನಿಗೆ ದೊರೆಯಿತು: ಶಿಬಿರದಿಂದ ತಪ್ಪಿಸಿಕೊಂಡು, ಬ್ಯಾರೋ ಬಂದರಕ್ಕೆ ತಂದಿದ್ದ ಯು-೫೭೦ನ್ನು ಮುಳುಗಿಸಬೇಕು. ಅವನು ಹೊರಟನು. ಸ್ಥಳೀಯ ಗೃಹರಕ್ಷಕ ದಳದವರು ಹಿಡಿದರು. ಓಡಹೋದಾಗ ಗುಂಡು ತಗಲಿ ಸತ್ತನು. ಕಡಲು ಬಿಟ್ಟುಕೊಟ್ಟ ಜೀವವನ್ನು ಸ್ವಜನರ ತೀರ್ಪು ಬಿಡಲಿಲ್ಲ. ಶತ್ರುವಿನ ಸ್ಫೋಟಕಕ್ಕಿಂತ ಈ ನ್ಯಾಯಸಭೆಯೇ ನಮಗೆ ಹೆಚ್ಚು ಕ್ರೂರವೆನಿಸುವದು.

ನೌಕೆಯಾದರೋ ‘ಗ್ರಾಫ್’ ಎಂಬ ಹೊಸ ಹೆಸರಿನಿಂದ ಬ್ರಿಟಿಷ್ ಧ್ವಜದಡಿ ಸಂಚರಿಸಿತು. ೧೯೪೨ರ ಅಕ್ಟೋಬರದಲ್ಲಿ ತನ್ನ ಒಡಹುಟ್ಟಿನಂತಿದ್ದ ಯು-೩೩೩ರ ಮೇಲೆಯೇ ಟಾರ್ಪೆಡೋಗಳನ್ನು ಬಿಟ್ಟಿತು. ಮುಳುಗಿಸಿದೆವೆಂದು ಬ್ರಿಟಿಷರು ನಂಬಿದರು, ಗುರಿ ತಪ್ಪಿತ್ತು. ೧೯೪೪ರ ಮಾರ್ಚ್ ೨೦ರಂದು, ಎಳೆದೊಯ್ಯುತ್ತಿದ್ದಾಗ ಹಗ್ಗ ಹರಿದು, ಸ್ಕಾಟ್ಲಂಡಿನ ಐಲಾ ದ್ವೀಪದ ಬಂಡೆಗಳಿಗೆ ಬಡಿದು ಅದು ಒಡೆಯಿತು.