ಹೊಲದಡಿ ಮರೆಯಾದ ವಿಮಾನ ನಿಲ್ದಾಣಗಳು



ವಿಮಾನ ನಿಲ್ದಾಣವೊಂದು ಕಳೆದುಹೋಗುವುದಾದರೂ ಹೇಗೆ ಎಂದು ನೀವು ಕೇಳಬಹುದು. ಎರಡನೇ ಮಹಾಯುದ್ಧ ಕಾಲದ ಸೋವಿಯತ್ ಒಕ್ಕೂಟದಲ್ಲಿ ಅಂಥವು ಬಹಳಷ್ಟು ಕಳೆದುಹೋಗಿವೆ. ಕಾರಣ ಸರಳ: ಅವುಗಳಲ್ಲಿ ಹಲವು ಬರೀ ಹುಲ್ಲಿನ ಬಯಲುಗಳು.

1941ರ ಜೂನ್ 22ರ ಬೆಳಗಿನ ಜಾವ ಜರ್ಮನ್ ವಿಮಾನಗಳು ಗಡಿ ಭಾಗದ 66 ನಿಲ್ದಾಣಗಳ ಮೇಲೆ ಎರಗಿದವು. ಸೋವಿಯತ್ ಲೆಕ್ಕದಂತೆ ಅಂದು ನಾಶವಾದ ವಿಮಾನಗಳು ಸುಮಾರು 1,200. ಅವುಗಳಲ್ಲಿ 800 ಇನ್ನೂ ನೆಲದ ಮೇಲೆಯೇ ಇದ್ದವು. ಆಮೇಲೆ ವಾಯುಪಡೆಯ ತುಕಡಿಗಳು ರಣರಂಗದೊಡನೆ ಹಿಂದೆ ಮುಂದೆ ಸರಿಯುತ್ತಲೇ ಇದ್ದವು. ಹಳ್ಳಿಗರು ಸಾಮೂಹಿಕ ಬೇಸಾಯದ ಹೊಲವನ್ನು ಸಮತಟ್ಟು ಮಾಡಿಕೊಟ್ಟರೆ ಅದೇ ನಿಲ್ದಾಣ. ನೆಲ ಅಗೆದು ಮಾಡಿದ ಗೂಡೇ ಪೈಲಟ್‌ಗಳ ವಸತಿ. ಸೇನೆ ಮುಂದೆ ಸಾಗಿದ ಮೇಲೆ ರೈತರು ಅದನ್ನು ಮತ್ತೆ ಉತ್ತು ಬಿತ್ತಿದರು.

ಉಳಿದದ್ದು ಕಾಗದದ ಮೇಲಿನ ಹೆಸರು. ಅದೂ ದಾರಿ ತಪ್ಪಿಸುತ್ತದೆ. 1941ರ ಆಗಸ್ಟ್ 7ರ ರಾತ್ರಿ ಕರ್ನಲ್ ಪ್ರಿಯೊಬ್ರಜೆನ್‌ಸ್ಕಿ ನೇತೃತ್ವದಲ್ಲಿ ನೌಕಾದಳದ ಬಾಂಬರ್‌ಗಳು ಬರ್ಲಿನ್ ಮೇಲೆ ದಾಳಿಗೆ ಹೊರಟವು. ಹೊರಟದ್ದು 'ಕಗುಲ್'ನಿಂದ ಎನ್ನುತ್ತವೆ ರಷ್ಯನ್ ದಾಖಲೆಗಳು. ಭೂಪಟದಲ್ಲಿ ಹುಡುಕಿದರೆ ಕಗುಲ್ ಪಟ್ಟಣ ಸಿಗುವುದು ಮಾಲ್ಡೋವಾದಲ್ಲಿ. ಆದರೆ ಆ ನಿಲ್ದಾಣ ಇದ್ದದ್ದು ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದಲ್ಲಿ, ಎಸ್ಟೋನಿಯಾದ ಸಾರೆಮಾ ದ್ವೀಪದಲ್ಲಿ. ಎಸ್ಟೋನಿಯನ್ನರಿಗೆ ಆ ಊರು 'ಕೊಗುಲಾ'. ಇನ್ನು ಇವಾನೊವ್ಕಾ ಎಂಬ ಹೆಸರಿನ ಹಳ್ಳಿಗಳಿಗಂತೂ ಲೆಕ್ಕವಿಲ್ಲ. ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ತಲೆಯೆತ್ತದ ಊರುಗಳೂ ಇವೆ.

ಹಾಗಾದರೆ ಪತ್ತೆ ಹೇಗೆ? ಮಾಸ್ಕೋ ಬಳಿಯ ಪೊಡೋಲ್ಸ್ಕ್ ನಗರದಲ್ಲಿ ರಕ್ಷಣಾ ಇಲಾಖೆಯ ಕೇಂದ್ರ ಪತ್ರಾಗಾರವಿದೆ. ತುಕಡಿಗಳ ದಿನಚರಿಗಳು ಅಲ್ಲಿವೆ. ಜರ್ಮನ್ನರು ಆಕಾಶದಿಂದ ತೆಗೆದ ಬೇಹುಗಾರಿಕೆಯ ಚಿತ್ರಗಳು ಯುದ್ಧಾನಂತರ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಸೇರಿದವು. ಎರಡನ್ನೂ ಇಂದಿನ ಉಪಗ್ರಹ ಚಿತ್ರದೊಡನೆ ಹೋಲಿಸಬೇಕು. ವಿಮಾನಗಳನ್ನು ಕಾಪಾಡಲು ಕಟ್ಟಿದ ಕುದುರೆ ಲಾಳದಾಕಾರದ ಮಣ್ಣಿನ ದಿಬ್ಬಗಳು ಕಾಡಂಚಿನಲ್ಲಿ ಕೆಲವೆಡೆ ಉಳಿದಿವೆ. ಆದರೂ ಎಚ್ಚರ ಬೇಕು: ಶತ್ರುವನ್ನು ಏಮಾರಿಸಲು ಮರದ ವಿಮಾನಗಳನ್ನು ನಿಲ್ಲಿಸಿದ್ದ ಸುಳ್ಳು ನಿಲ್ದಾಣಗಳೂ ಇದ್ದವು.

ಇಷ್ಟೆಲ್ಲ ಶ್ರಮ ಏಕೆ? ಅದೆಷ್ಟೋ ವೈಮಾನಿಕರ ಹೆಸರಿನ ಮುಂದೆ ದಾಖಲೆಯಲ್ಲಿರುವುದು ಒಂದೇ ಒಕ್ಕಣೆ: 'ಕಾರ್ಯಾಚರಣೆಯಿಂದ ಹಿಂತಿರುಗಲಿಲ್ಲ.' ಹೊರಟ ಜಾಗ ಮತ್ತು ಗುರಿ ಗೊತ್ತಾದರೆ ನಡುವಿನ ದಾರಿಯನ್ನು ಊಹಿಸಬಹುದು. ಆ ದಾರಿಯ ಜೌಗಿನಲ್ಲಿ ಎಂಜಿನ್ ಸಿಕ್ಕರೆ ಅದರ ಸಂಖ್ಯೆಯಿಂದ ವಿಮಾನವನ್ನೂ, ಅದರಲ್ಲಿದ್ದವರನ್ನೂ ಗುರುತಿಸಬಹುದು. ಅಜ್ಜನನ್ನು ಮಣ್ಣು ಮಾಡಲು ಕಾದಿರುವ ಮೊಮ್ಮಕ್ಕಳಿಗೆ, ಆತ ಕೊನೆಯ ಬಾರಿ ಯಾವ ಬಯಲಿನಿಂದ ಮೇಲೇರಿದ ಎಂಬುದೇ ಮೊದಲ ಸುಳಿವು.