ಕೌದಿಯ ಲೆಕ್ಕ, ಕೌದಿಯ ನೆನಪು

ಹರಿದ ಸೀರೆ, ಸವೆದ ಪಂಚೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಇವುಗಳನ್ನು ಎಸೆಯಲು ಮನಸ್ಸು ಬಾರದೆ ಗಂಟುಕಟ್ಟಿ ಅಟ್ಟದ ಮೇಲಿಡುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಆ ಗಂಟನ್ನು ಒಂದು ದಿನ ಬಿಚ್ಚುತ್ತಾರೆ. ಬಟ್ಟೆಗಳು ತುಂಡುಗಳಾಗುತ್ತವೆ, ತುಂಡುಗಳು ಪದರಗಳಾಗುತ್ತವೆ, ಪದರಗಳ ಮೇಲೆ ಸಾಲುಸಾಲಾಗಿ ದಾರ ಓಡಿ ಕೌದಿ ಸಿದ್ಧವಾಗುತ್ತದೆ. ಕೌದಿ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಹೆಚ್ಚು ಬಳಕೆಯದಾದರೂ ವಸ್ತು ನಮಗೆಲ್ಲ ಪರಿಚಿತವೇ. ಬಟ್ಟೆಗೆ ಎರಡನೆಯ ಜನ್ಮ ಕೊಡುವ ಈ ಕೆಲಸಕ್ಕೆ ಈಗ ಗಣಕಯಂತ್ರವೂ ಒದಗಿಬಂದಿದೆ. ಅದನ್ನು ಹೇಗೆ ಕಲಿಯಬೇಕು, ಕಲಿತ ಮೇಲೆ ಕೈಯಲ್ಲಿ ಏನು ಉಳಿಯಬೇಕು ಎಂಬುದು ಇಂದಿನ ವಿಚಾರ.

ಮೈಸೂರು ಜಿಲ್ಲೆಯ ಪಡುವಣ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನಾಡುತ್ತಿದ್ದೇನೆ. ಹೊದಿಕೆ ಹಾಸಿಗೆಗಳ ಕಸುಬು ಈ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುವ ಕಾರ್ಖಾನೆಯ ಜೊತೆಗೆ ಕಂಬಳಿಯ ಕಾರ್ಖಾನೆಯೂ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರು ತಮ್ಮೊಡನೆ ರತ್ನಗಂಬಳಿಯ ನೇಯ್ಗೆಯನ್ನೂ ತಂದರು. ಗಂಟುಹಾಕಿ ನೇಯುವ ರತ್ನಗಂಬಳಿಗೆ ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯುಂಟು; ಅಲ್ಲಿ ಒಂದು ಚೌಕವೆಂದರೆ ಒಂದು ಗಂಟು. ಗಣಕಯಂತ್ರದ ತೆರೆಯೂ ಇಂಥದೇ ಒಂದು ಚೌಕುಳಿ ಕಾಗದ. ಎಷ್ಟು ಸಲ ಬರೆದು ಅಳಿಸಿದರೂ ಅದು ಸವೆಯುವುದಿಲ್ಲ ಎಂಬುದಷ್ಟೇ ವಿಶೇಷ.

ತುಂಡುಬಟ್ಟೆಯ ಹೊದಿಕೆಗೆಂದೇ ರಚಿಸಿದ ತಂತ್ರಾಂಶಗಳಲ್ಲಿ ಹೆಸರಾದದ್ದು ‘ಎಲೆಕ್ಟ್ರಿಕ್ ಕ್ವಿಲ್ಟ್’. ಅಮೆರಿಕದ ಒಹಾಯೊ ರಾಜ್ಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಡೀನ್ ನ್ಯೂಮನ್ ಅದನ್ನು 1991ರಲ್ಲಿ ಹೊರತಂದರು. ಅದರ ಎಂಟನೆಯ ಆವೃತ್ತಿ ಬಂದದ್ದು 2017ರಲ್ಲಿ. ಅದು ಹಣ ಕೊಟ್ಟು ಕೊಳ್ಳಬೇಕಾದದ್ದು. ಹಣವಿಲ್ಲದೆ ದೊರೆಯುವ ‘ಇಂಕ್‌ಸ್ಕೇಪ್’ ಎಂಬ ಚಿತ್ರರಚನೆಯ ತಂತ್ರಾಂಶವೂ 2003ರಿಂದ ಇದೆ. ಹೊದಿಕೆಗೆಂದು ಹುಟ್ಟಿದ್ದಲ್ಲವಾದರೂ, ಒಂದು ಚೌಕವನ್ನು ಬರೆದುಕೊಟ್ಟರೆ ಅದನ್ನು ಸಾಲುಸಾಲಾಗಿ ಹಾಸಿ, ಬೇಕಾದಂತೆ ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸುವ ಶಕ್ತಿ ಅದಕ್ಕೂ ಉಂಟು. ಕಲಿಯುವವರಿಗೆ ಆರಂಭದಲ್ಲಿ ಇಷ್ಟು ಸಾಕು.

ಯಂತ್ರವೆಂದರೆ ಅಳುಕುವ ಹೆಣ್ಣುಮಕ್ಕಳು ಒಂದು ಸಂಗತಿಯನ್ನು ನೆನೆಯಬೇಕು. ಹದಿನೈದು ಚುಕ್ಕಿಯಿಂದ ತೊಡಗಿ, ಮಧ್ಯದ ಚುಕ್ಕಿಗಳಾಗಿ ಎಂಟರವರೆಗೆ ಇಳಿಸಿ, ತಪ್ಪದೆ ಎಳೆ ಸುತ್ತಿ ಬಾಗಿಲ ಮುಂದೆ ರಂಗೋಲಿ ಬಿಡಿಸುವವರು ವಿನ್ಯಾಸದ ಗಣಿತವನ್ನು ಆಗಲೇ ಬಲ್ಲವರು. ಒಂದು ಮೂಲೆಯಲ್ಲಿ ಬರೆದದ್ದನ್ನು ಉಳಿದ ಮೂಲೆಗಳಲ್ಲಿ ತಿರುಗಿಸಿ ಬರೆಯುವುದು ಅವರ ಕೈಗೆ ಕರಗತವಾದ ವಿದ್ಯೆ. ತಂತ್ರಾಂಶ ಅದಕ್ಕೆ ವೇಗ ಕೊಡುತ್ತದೆ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ, ಅರ್ಧಕ್ಕೆ ಕೆಂಪು, ಅರ್ಧಕ್ಕೆ ಬಿಳುಪು ತುಂಬೋಣ. ಅದನ್ನು ನಾಲ್ಕು ದಿಕ್ಕಿಗೆ ಇಡಬಹುದು. ಇಂಥ ನಾಲ್ಕು ಚೌಕ ಕೂಡಿಸಿದರೆ 256 ಬಗೆ. ಒಂಬತ್ತು ಕೂಡಿಸಿದರೆ 2,62,144 ಬಗೆ. ಫ್ರಾನ್ಸ್ ದೇಶದ ಸೆಬಾಸ್ಟಿಯನ್ ಟ್ರೂಶೆ 1704ರಲ್ಲಿಯೇ ನೆಲಹಾಸಿನ ಬಿಲ್ಲೆಗಳನ್ನು ಕುರಿತು ಇದೇ ಬಗೆಯ ವಿಚಾರ ನಡೆಸಿದ್ದನು. ಈ ಲಕ್ಷಾಂತರ ಬಗೆಗಳನ್ನು ಯಂತ್ರ ಆಯಾಸವಿಲ್ಲದೆ ತೋರಿಸಬಲ್ಲದು. ಆದರೆ ಇವುಗಳಲ್ಲಿ ಕಣ್ಣಿಗೆ ತಂಪಾದದ್ದು ಯಾವುದು, ಹೊದ್ದು ಮಲಗುವವರಿಗೆ ಒಪ್ಪುವುದು ಯಾವುದು ಎಂಬುದನ್ನು ಆರಿಸುವ ಹೊಣೆ ನೋಡುವವರದೇ.

ಯಂತ್ರದ ನಿಜವಾದ ಉಪಕಾರ ಲೆಕ್ಕದಲ್ಲಿದೆ. ಐದು ಅಡಿ ಅಗಲ, ಏಳೂವರೆ ಅಡಿ ಉದ್ದದ ಹೊದಿಕೆಯೊಂದನ್ನು ಆರು ಅಂಗುಲದ ಚೌಕಗಳಿಂದ ಮಾಡಬೇಕೆನ್ನೋಣ. ಹತ್ತು ಅಡ್ಡಕ್ಕೆ, ಹದಿನೈದು ಉದ್ದಕ್ಕೆ, ಒಟ್ಟು 150 ಚೌಕ. ಹೊಲಿಗೆಗೆಂದು ನಾಲ್ಕು ಕಡೆಯೂ ಕಾಲು ಅಂಗುಲ ಬಿಡಬೇಕಾದ್ದರಿಂದ ಪ್ರತಿಯೊಂದನ್ನೂ ಆರೂವರೆ ಅಂಗುಲಕ್ಕೆ ಕತ್ತರಿಸಬೇಕು. ಇದನ್ನು ಮರೆತು ಆರಕ್ಕೇ ಕತ್ತರಿಸಿದರೆ ಹೊಲಿದ ಮೇಲೆ ಚೌಕ ಐದೂವರೆ ಅಂಗುಲಕ್ಕೆ ಇಳಿಯುತ್ತದೆ. ಹೊದಿಕೆ ಅಗಲದಲ್ಲಿ ಐದು ಅಂಗುಲ, ಉದ್ದದಲ್ಲಿ ಏಳೂವರೆ ಅಂಗುಲ ಕುಗ್ಗಿ, ಹೊದ್ದವರ ಕಾಲು ಹೊರಗುಳಿಯುತ್ತದೆ. ನಲವತ್ತನಾಲ್ಕು ಅಂಗುಲ ಪನ್ನದ ಬಟ್ಟೆಯಾದರೆ ಒಂದು ಪಟ್ಟಿಗೆ ಆರು ಚೌಕ, ಒಟ್ಟು 25 ಪಟ್ಟಿ, ಅಂದರೆ ನಾಲ್ಕೂವರೆ ಗಜಕ್ಕಿಂತ ತುಸು ಹೆಚ್ಚು ಬಟ್ಟೆ ಬೇಕು. ಈ ಎಣಿಕೆಯನ್ನೆಲ್ಲ ತಂತ್ರಾಂಶಕ್ಕೆ ಒಪ್ಪಿಸಬಹುದು. ಒಪ್ಪಿಸುವ ಮುನ್ನ ಒಮ್ಮೆ ಬೆರಳು ಮಡಿಸಿ ಲೆಕ್ಕಹಾಕಿದವರಿಗೆ ಮಾತ್ರ ಯಂತ್ರದ ಉತ್ತರ ಸರಿಯೋ ತಪ್ಪೋ ತಿಳಿದೀತು.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಬಟ್ಟೆಯನ್ನು ಅಂಗಡಿಯಿಂದ ಗಜಗಟ್ಟಲೆ ತರುತ್ತೇವೆ ಎಂಬುದೇ ಆ ಊಹೆ. ನಕ್ಷೆ ಮೊದಲು, ಬಟ್ಟೆ ಆಮೇಲೆ. ಕೌದಿಯ ದಾರಿ ಇದಕ್ಕೆ ತಿರುಗುಮುರುಗು: ಬಟ್ಟೆ ಮೊದಲು, ಅದು ಹೇಳಿದಂತೆ ವಿನ್ಯಾಸ. ಈ ಎರಡು ದಾರಿಗಳಿಗೆ ನಮ್ಮ ಸೀಮೆಯಲ್ಲಿಯೇ ಒಂದು ಹೋಲಿಕೆ ದೊರೆಯುತ್ತದೆ. ಕಾವೇರಿಯ ದಡದ ಎಡತೊರೆ ಮನೆಗೊಂದು ಮನೆ ಸೇರುತ್ತ ತಲೆಮಾರುಗಳಲ್ಲಿ ಬೆಳೆದ ಊರು. 1924ರ ಮಹಾಪ್ರವಾಹದ ಬಳಿಕ, ನೀರು ಮುಟ್ಟದ ಎತ್ತರದಲ್ಲಿ ನಕ್ಷೆ ಹಾಕಿ ಕಟ್ಟಿದ ಊರು ಕೃಷ್ಣರಾಜನಗರ. ಒಂದರ ಸೊಬಗು ಇನ್ನೊಂದಕ್ಕಿಲ್ಲ, ಒಂದರ ಅನುಕೂಲವೂ ಇನ್ನೊಂದಕ್ಕಿಲ್ಲ. ಎಡತೊರೆಯ ಓಣಿಗಳ ಗುಣವನ್ನು ಬಲ್ಲದ ನಕ್ಷೆಗಾರನು ಕಟ್ಟಿದ ಊರಿನಲ್ಲಿ ಬೀದಿಗಳು ನೇರವಾಗಿರುತ್ತವೆ, ಬದುಕು ನೆಲೆಗೊಳ್ಳಲು ಮಾತ್ರ ಬಹುಕಾಲ ಹಿಡಿಯುತ್ತದೆ.

ಬಟ್ಟೆ ಮೊದಲು ಎಂಬ ದಾರಿಯಲ್ಲಿ ಎಂಥ ಕಲೆ ಸಾಧ್ಯವೆಂಬುದಕ್ಕೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳು ಸಾಕ್ಷಿ. ಅವರು ಹಳೆಯ ಸೀರೆಯನ್ನು ಹಾಸಿ, ಅಂಚಿನಿಂದ ತೊಡಗಿ, ತುಂಡಿಗೆ ತುಂಡು ಸೇರಿಸುತ್ತ ಸುತ್ತುಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಕಾಗದದ ನಕ್ಷೆಯಿಲ್ಲ; ಮುಂದಿನ ತುಂಡನ್ನು ಪಕ್ಕದ ತುಂಡೇ ಕರೆಯುತ್ತದೆ. ಕೊನೆಗೆ ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂವುಗಳನ್ನು ಇಟ್ಟು ಮುಗಿಸುತ್ತಾರೆ. ಅವಕ್ಕೆ ‘ಫುಲಾ’ ಎಂದು ಹೆಸರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಈ ಕವಂದಿಗಳು ಹೊರನಾಡುಗಳಲ್ಲಿಯೂ ಹೆಸರಾದವು. ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಪುಟ್ಟ ಊರಿನ ಕರಿಯ ಹೆಂಗಸರು ಸವೆದ ದುಡಿಮೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳೂ ಹೀಗೆಯೇ 2002ರಲ್ಲಿ ಹ್ಯೂಸ್ಟನ್, ನ್ಯೂಯಾರ್ಕ್ ನಗರಗಳ ವಸ್ತುಸಂಗ್ರಹಾಲಯಗಳ ಗೋಡೆಯೇರಿದವು. ಎರಡು ಕಡೆಯೂ ಬಡತನ ಕೊಟ್ಟ ತುಂಡುಗಳನ್ನು ಅಭಿರುಚಿ ಆಳಿತು.

ಗಣಕಯಂತ್ರದ ಕಲಿಕೆಯಲ್ಲಿ ನಾವು ಎಚ್ಚರವಾಗಿರಬೇಕಾದ ಸ್ಥಳ ಇದೇ. ಕೌದಿ ಹೊಲಿಯುವವಳೇ ಅದರ ವಿನ್ಯಾಸಕಾರಳು. ಇಲ್ಲಿ ಕಣ್ಣೂ ಕೈಯೂ ಒಂದೇ ದೇಹದವು. ತಂತ್ರಾಂಶ ಬಂದೊಡನೆ ಇವೆರಡನ್ನು ಬೇರ್ಪಡಿಸುವುದು ಬಹು ಸುಲಭ. ನಗರದಲ್ಲಿ ಕುಳಿತವರು ನಕ್ಷೆ ಬರೆದು ಕಳುಹಿಸುವುದು, ಹೆಗ್ಗಡದೇವನಕೋಟೆಯ ಕಾಡಂಚಿನ ಹೆಂಗಸು ಅದರಂತೆ ಕತ್ತರಿಸಿ ಹೊಲಿಯುವುದು: ಇಂಥ ಏರ್ಪಾಟಿನಲ್ಲಿ ಹೆಸರು ನಕ್ಷೆಯವರದಾಗುತ್ತದೆ, ಹೊಲಿದವಳದು ಬರಿಯ ಕೂಲಿಯಾಗುತ್ತದೆ. ನಾಲ್ಕು ತಲೆಮಾರಿನಿಂದ ಬಣ್ಣಕ್ಕೆ ಬಣ್ಣ ಕೂಡಿಸಿದ ಕಣ್ಣು ಅಲ್ಲಿ ಕೆಲಸವಿಲ್ಲದೆ ಕೂರುತ್ತದೆ. ಆದ್ದರಿಂದ ತಂತ್ರಾಂಶವನ್ನು ಕಲಿಯಬೇಕಾದವರು ಮೊದಲು ಹೊಲಿಯುವವರೇ. ಯಂತ್ರದ ಮುಂದಿನ ಕುರ್ಚಿ ಅವರದಾಗಬೇಕು.

ಕಲಿಸುವ ಕ್ರಮವೂ ಅದಕ್ಕೆ ತಕ್ಕಂತಿರಲಿ. ಸಿದ್ಧ ನಕ್ಷೆಗಳ ಭಂಡಾರವನ್ನು ತೆರೆದಿಡುವ ಬದಲು ಮೊದಲ ದಿನ ಬಟ್ಟೆಯ ಗಂಟನ್ನೇ ಬಿಚ್ಚಿಸಬೇಕು. ತುಂಡುಗಳನ್ನು ಬಣ್ಣದಂತೆ, ಅಳತೆಯಂತೆ, ಗಟ್ಟಿತನದಂತೆ ವಿಂಗಡಿಸಬೇಕು. ಸವೆದು ತೆಳ್ಳಗಾದದ್ದು ಒಳಪದರಕ್ಕೆ, ಗಟ್ಟಿಯಾದದ್ದು ಮೇಲಕ್ಕೆ. ಬಳಿಕ ಅವುಗಳ ಚಿತ್ರ ತೆಗೆದು ಗಣಕಯಂತ್ರಕ್ಕೆ ಊಡಿಸಿ, ಇರುವ ಬಟ್ಟೆಗೆ ಹೊಂದುವ ನಕ್ಷೆಯನ್ನು ತೆರೆಯ ಮೇಲೆ ಕೂಡಿಸಬೇಕು. ಇರುವ ಕೆಂಪು ಹನ್ನೆರಡೇ ಚೌಕಕ್ಕೆ ಸಾಕಾದರೆ ಹದಿಮೂರನೆಯದನ್ನು ನಕ್ಷೆ ಕೇಳಕೂಡದು. ಕೆಲವು ಮನೆಗಳನ್ನು ತೆರವಾಗಿಯೇ ಬಿಡುವುದು ಲೇಸು. ಸೂಜಿ ಅಲ್ಲಿಗೆ ತಲುಪಿದಾಗ ಏನು ತೋಚುವುದೋ ಅದು ಅಲ್ಲಿ ಕೂರಲಿ. ಕಲಿಕೆಯ ಮಾತುಗಳೂ ಕನ್ನಡದವಾಗಿರಲಿ. ಮನೆ, ಸಾಲು, ಅಂಚು, ಮಗ್ಗುಲು, ಮಗುಚು ಎಂದರೆ ರಂಗೋಲಿ ಬಲ್ಲವರಿಗೆ ಬೇರೆ ವಿವರಣೆ ಬೇಡ.

ಒಂದು ಸಂಗತಿಯನ್ನು ಮಾತ್ರ ಯಾವ ತೆರೆಯೂ ತೋರಿಸಲಾರದು. ಅಜ್ಜಿಯ ಹಸಿರು ಸೀರೆಯ ತುಂಡೂ ಅಂಗಡಿಯ ಹಸಿರು ಬಟ್ಟೆಯ ತುಂಡೂ ಯಂತ್ರಕ್ಕೆ ಒಂದೇ ಹಸಿರು. ಚಳಿಯ ರಾತ್ರಿ ಆ ಹೊದಿಕೆಯನ್ನು ಎಳೆದುಕೊಳ್ಳುವ ಮೊಮ್ಮಗುವಿಗೆ ಅವೆರಡೂ ಒಂದಲ್ಲ. ನಕ್ಷೆಯಲ್ಲಿ ಆ ತುಂಡು ಎಲ್ಲಿರಬೇಕೆಂಬುದನ್ನು ಆ ಸೀರೆಯನ್ನು ಬಲ್ಲವರೇ ನಿರ್ಧರಿಸಲಿ.